ಕ್ಯೂ ನಿಲ್ಲಿಸಿ ಕುಂಕುಮ ಇಟ್ಟವರು

ಕಿವಿಯೊಳಗೆ ಬೈಕಿನ ಕೀ ತಿರುಗಿಸಿ, ಅದನ್ನು ಮೂಸಿ ನೋಡಿ, ಅದೇ ಕೈಯಲ್ಲಿ ಸರ್ ಸರ್ವರ್ ಆಫ್ ಮಾಡಲು ಹೊರಟಿದ್ದರು.

"ಸಾ, ಕ್ಯೂನಲ್ಲಿ ಇನ್ನೂ ಆರ್ಡರ್ ಅವೆ," ಅಂದೆ.

"ಪೂಜಾರಪ್ಪ ಕಾಯ್ತಾವ್ನೆ. ಓಡೋ ಮಿಷಿನ್‌ಗೆ ಯಾವನಾರ ಕುಂಕುಮ ಇಕ್ತಾನೇನ್ಲಾ? ಬುಡು ಅತ್ಲಾಗೆ."

ಅವತ್ತು ಆಯುಧಪೂಜೆ. ಆಫ್ ಮಾಡಿದರು. ಸರ್ವರ್ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ. ಕಡ್ಲೆಪುರಿ ತಿಂದು ಎಲ್ಲರೂ ಮನೆಗೆ ಹೋದೆವು.

ಅದೊಂದು ಸಕ್ಕರೆ ಕಾರ್ಖಾನೆ. ಯಾವುದು ಅಂತ ಹೇಳುವುದಿಲ್ಲ. ಸರ್ ಅಲ್ಲಿ ಕಂಪ್ಯೂಟರ್ ರೂಮಿನ ಇನ್‌ಚಾರ್ಜ್. ನಾನು ಎಸ್ಸೆಲ್ಸಿ ಫೇಲು. ತೂಕದ ಮನೆ ಹತ್ತಿರ ಕಬ್ಬಿನ ಗಾಡಿ ನಿಲ್ಲಿಸುತ್ತಿದ್ದವನನ್ನು, ಮೆಸೇಜ್ ಕ್ಯೂ ನೋಡಿಕೊಳ್ಳುವುದನ್ನು ಕಲಿತುಕೋ ಅಂತ ಅವರ ಕೈಕೆಳಗೆ ಹಾಕಿದ್ದರು.

ಕ್ಯೂ ಅಂದರೆ ದೊಡ್ಡ ವಿಷಯವೇನಲ್ಲ. ಕಬ್ಬಿನ ಆಫೀಸಿನವರು ರೈತನಿಗೆ, ಇಂಥ ದಿನ ಕಬ್ಬು ಕಡಿಸು ಅಂತ, ಕಟಾವು ಆರ್ಡರ್ ಬರೆದರೆ ಅದು ಮೊದಲು ಕ್ಯೂನಲ್ಲಿ ಬಂದು ಕೂರುತ್ತದೆ. ಇನ್ನೊಂದು ಪ್ರೋಗ್ರಾಂ ಅದನ್ನು ಎತ್ತಿ ರೈತನ ಫೋನಿಗೆ ಕಳಿಸುತ್ತದೆ. ಆ ಪ್ರೋಗ್ರಾಂ ನಿಂತಿದ್ದರೆ ಆರ್ಡರ್ ಅಲ್ಲೇ ಕಾಯುತ್ತದೆ. ಇಷ್ಟನ್ನು ಹೇಳಿಕೊಡಲು ಸರ್ ತಿಂಗಳುಗಟ್ಟಲೆ ಸತಾಯಿಸಿದರು. ಪಾಸ್‌ವರ್ಡ್ ಹೊಡೆಯುವಾಗ ಕೀಬೋರ್ಡಿನ ಮೇಲೆ ಕರ್ಚೀಫ್ ಹೊದಿಸುತ್ತಿದ್ದರು. ಏನು ಕೇಳಿದರೂ, "ಅದು ಅಡ್ವಾನ್ಸು, ನಿಂಗ್ಯಾಕೆ?" ಕ್ಯಾಂಟೀನಿನಲ್ಲಿ ಮಾತ್ರ ಆ ಸಾಫ್ಟ್‌ವೇರನ್ನು ತಾವೇ ಹೆತ್ತ ಹಾಗೆ ಆಡುತ್ತಿದ್ದರು.

ಒಂದೇ ದಿನ ಸರಿಯಾಗಿ ಪಾಠ ಮಾಡಿದ್ದು. ಅವತ್ತು ಯಾರೋ ಮದ್ದೂರಿನಿಂದ ಬಿಸಿ ವಡೆ ತಂದುಕೊಟ್ಟಿದ್ದರು.

"ಮೆಸೇಜು ಎರಡು ಜಾತಿ ಕಣ್ಲಾ. ಒಂದು ಡಿಸ್ಕಲ್ಲಿ ಬರ್ದಿಡೋದು, ಮಿಷಿನ್ ನಿಂತ್ರೂ ಉಳೀತದೆ. ಇನ್ನೊಂದು ಬರೀ ಮೆಮೊರೀಲಿರೋದು, ಸ್ಪೀಡು ಜಾಸ್ತಿ. ನಿಂತ್ರೆ ಓಯ್ತು."

ಹೀಗೆ ಹೇಳಿದವರೇ, ದೊಡ್ಡ ಸಾಹೇಬರಿಗೆ ಸ್ಪೀಡ್ ತೋರಿಸಲು ಕಟಾವು ಆರ್ಡರುಗಳನ್ನು ಮೆಮೊರಿಗೆ ಹಾಕಿದ್ದರು. ಹಾಕಿ ಅಲ್ಲೇ ಬಿಟ್ಟಿದ್ದರು. ಗೊತ್ತಿಲ್ಲದೆ ಮಾಡಿದ್ದರೆ ಸುಮ್ಮನಿರುತ್ತಿದ್ದೆ. ಗೊತ್ತಿತ್ತು.

ಹಬ್ಬ ಮುಗಿಸಿ ಬಂದು ಸರ್ವರ್ ಆನ್ ಮಾಡಿದಾಗ ಕ್ಯೂ ಖಾಲಿ. "ನೋಡ್ಲಾ, ಎಂಗೆ ಕ್ಲೀನಾಗದೆ," ಅಂದರು.

ವಾರ ಕಳೆದ ಮೇಲೆ ಕೆರಗೋಡಿನಿಂದ ಒಬ್ಬ ಹೆಂಗಸು ಬಂದರು. ಕಬ್ಬಿನ ಆಫೀಸರ್ ಅವರನ್ನು ನಮ್ಮ ರೂಮಿಗೇ ಕರೆದುಕೊಂಡು ಬಂದ.

"ಆರ್ಡ್ರು ಬರ್ನಿಲ್ಲ ಅಂತ ಕಡಿಯೋರು ಅನಕೆರೆಗೆ ಓಗ್ಬುಟ್ರು ಕಣಪ್ಪ. ಕಬ್ಬು ಊವ ಬುಟ್ಟು ಬೆಂಡಾಯ್ತಾ ಅದೆ."

"ನಾವ್ ಕಳ್ಸಿದೀವಿ. ನಿನ್ ಫೋನು ಆಫಾಗಿತ್ತು ಕಣಮ್ಮ," ಅಂದರು ಸರ್, ಸ್ಕ್ರೀನಿನಿಂದ ಮುಖ ಎತ್ತದೆ.

"ಅದೆಂಗಪ್ಪ ಆಫಾಯ್ತದೆ? ದಿಂಬಿನ ತಾವೇ ಮಡೀಕಂಡು ಮನೀಕತಿದ್ದೆ."

"ಇಂಥೋರ್ಗೆಲ್ಲ ಫೋನ್ ಯಾಕ್ ಕೊಡುಸ್ತಾರೋ."

ನಕ್ಕರು. ಆಫೀಸರ್ ನಂಬಿದ. ಆರ್ಡರ್ ಬಂದರೂ ಕಡಿಯದವರ ಪಾಳಿ ಕೊನೆಗೆ ಹೋಗುವುದು ಅಲ್ಲಿಯ ರೂಲು. ಕೊನೆಗೆ ಹೋದರೆ ಆ ಕಬ್ಬು ಸೌದೆಗೂ ಆಗುವುದಿಲ್ಲ. ಆಯಮ್ಮ ಬಾಗಿಲು ಹಿಡಿದು ನಿಂತೇ ಇದ್ದರು.

"ಫೋನ್ ಆಫಾಗಿರ್ನಿಲ್ಲ," ಅಂದೆ ಆಫೀಸರಿಗೆ. "ಪೂಜೆ ದಿನ ಕ್ಯೂನಲ್ಲಿ ಆರ್ಡರ್ ಇದ್ದಂಗೇ ಮಿಷಿನ್ ಆಫ್ ಮಾಡುದ್ರು. ಅವು ಮೆಮೊರೀಲಿದ್ವು. ಅಳ್ಸೋದ್ವು."

ಸರ್ ಕುರ್ಚಿ ತಿರುಗಿಸಿದರು. "ಲೇ, ನಿಂಗೆ ಇದ್ನೆಲ್ಲ ಕಲ್ಸಿದ್ದು ಯಾರ್ಲಾ?"

"ನೀವೇ ಸಾ. ನೀವ್ ಕಲ್ಸಿದ್ದನ್ನೇ ಏಳ್ತಾ ಇವ್ನಿ."

ಆಫೀಸರ್ ಆ ದಿನದ ಆರ್ಡರುಗಳನ್ನೆಲ್ಲ ಮತ್ತೆ ಹಾಕಿಸಿದ. ಆಯಮ್ಮನ ಕಬ್ಬು ಕಟಾವಾಯಿತು, ತೂಕ ಇಳಿದಿತ್ತು. ಸರ್ ಮಾತ್ರ ಅವತ್ತು ಆಕೆಯನ್ನು ದಾಟಿಕೊಂಡು ಟೀ ಕುಡಿಯಲು ಹೋಗಿದ್ದರು. ರಿಟೈರ್ ಆಗುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ನನಗೂ ಬೇಕಿರಲಿಲ್ಲ.

ಹೋದ ತಿಂಗಳು ಮಳವಳ್ಳಿಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಹೋದರು. ಹೋಗಿದ್ದೆ. ಬಂದವರೆಲ್ಲ ದೇವರಂಥ ಮನುಷ್ಯ ಅನ್ನುತ್ತಿದ್ದರು. ಅವರ ಮಗಳು ನನ್ನನ್ನು, "ನೀವು ಯಾರು?" ಅಂತ ಕೇಳಿದಳು.

"ಅವರತ್ರ ಕೆಲ್ಸ ಕಲ್ತೋನು ಕಣಮ್ಮ," ಅಂದೆ.

ಈಗ ಆ ರೂಮು ನಾನೇ ನೋಡಿಕೊಳ್ಳುತ್ತಿದ್ದೇನೆ, ಅವರು ಕಲಿಸಿದ್ದೇ ಹೊಟ್ಟೆಗೆ ಅನ್ನ. ಅಷ್ಟು ಒಪ್ಪುತ್ತೇನೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.