ಪಾರಣೆಗೆ ಹೆಂಡತಿಯನ್ನು ಕರೆದುಕೊಂಡು ಧ್ಯಾನಕ್ಕೆ ಹೋದವರು

ಸೇಡಂನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಪ್ರಹ್ಲಾದಾಚಾರ್ಯರು ನನ್ನ ಅಕ್ಕ ಭಾಮಾಳ ಗಂಡ. ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ತಾಯಿ ತೀರಿಕೊಂಡ ಮೇಲೆ ಅವರಿಗೆ ರಾತ್ರಿ ನಿದ್ದೆ ಬಾರದಾಯಿತು. ನಿದ್ದೆಗೇಡು ನಿಜವಾದ ಕಷ್ಟ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಿದ್ದೆ ಹೋದದ್ದು ಅವರದು, ಎಚ್ಚರ ಇರಬೇಕಾದವಳು ಅಕ್ಕ. ಕಣ್ಣು ಬಿಟ್ಟ ಕೂಡಲೇ “ಭಾಮಾ” ಎಂದು ಕರೆಯುವರು. ಅವಳು ಎದ್ದು ಕುಳಿತು, ಹೆಡ್‌ಮಾಸ್ತರರು ತಮಗೆ ಮಾಡಿದ ಅವಮಾನಗಳ ಕಥೆಯನ್ನು ಮೊದಲಿನಿಂದ ಕೇಳಬೇಕು. ಕಳೆದುಕೊಂಡ ನಿದ್ದೆಯನ್ನು ಅವರು ಮರುದಿನ ಸ್ಟಾಫ್ ರೂಮಿನ ಬೆಂಚಿನ ಮೇಲೆ ಪೂರೈಸಿಕೊಳ್ಳುತ್ತಿದ್ದರು. ಅಕ್ಕನಿಗೆ ಸ್ಟಾಫ್ ರೂಮ್ ಇರಲಿಲ್ಲ. ಅವಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸತೊಡಗಿದಳು. ಒಂದು ದಿನ ಕುದಿಯುವ ಸಾರು ಮುಂಗೈ ಮೇಲೆ ಬಿದ್ದು ಚರ್ಮ ಸುಲಿಯಿತು.

“ಧ್ಯಾನ ಮಾಡ್ರಿ” ಎಂದು ಡಾಕ್ಟರು ಹೇಳಿದರು. ಭಾವ ತಮಗೆ ಒಗ್ಗುವ ಪದ್ಧತಿಯ ಹುಡುಕಾಟಕ್ಕೆ ಹೊರಟರು.

ಯಾವುದನ್ನೇ ಪರೀಕ್ಷಿಸುವಾಗ ಒಂದೊಂದೇ ಅಂಶವನ್ನು ಬದಲಿಸಿ ನೋಡಬೇಕು. ಭಾವ ಊರು, ಗುರು, ಆಸನ ಎಲ್ಲವನ್ನೂ ಒಟ್ಟಿಗೆ ಬದಲಿಸಿದರು. ಬದಲಿಸದೆ ಇಟ್ಟದ್ದು ತಮ್ಮನ್ನು ಮಾತ್ರ. ಚಿಂಚೋಳಿಯ ಕಾಡಂಚಿನ ಯೋಗಾಶ್ರಮವನ್ನು ಅಲ್ಲಿಯ ಉಪ್ಪಿಟ್ಟಿನಲ್ಲಿ ಉಳ್ಳಾಗಡ್ಡಿ ಇತ್ತೆಂದು ಬಿಟ್ಟರು. ಶಹಾಬಾದಿನಲ್ಲಿ ದೀಪ ನೋಡುತ್ತ ಕೂಡುವ ಮಂದಿಯ ಜೊತೆ ಒಂದು ಸಂಜೆ ಕುಳಿತು, ಚಹಾ ಮಾಡಿದವರು ಯಾರೆಂದು ವಿಚಾರಿಸಿ, ಉತ್ತರ ಕೇಳಿ ಎದ್ದು ಬಂದರು. ವಾಡಿಯ ಜಪಮಂಡಳಿಯಲ್ಲಿ ನೀರು ನಲ್ಲಿಯದು, ಬಾವಿಯದಲ್ಲ. ಪ್ರತಿಸಲ ಮನೆಗೆ ಬಂದು ಆ ಪದ್ಧತಿಯ ತತ್ತ್ವದಲ್ಲೇ ದೋಷವಿದೆ ಎಂದು ವಿವರಿಸುವರು. ತತ್ತ್ವ ಅವರ ಕಿವಿಗೆ ಬೀಳುವ ಮೊದಲೇ ಮೂಗು ಅಡಿಗೆಮನೆ ಮುಟ್ಟಿರುತ್ತಿತ್ತು.

ಪಕ್ಕದ ಮನೆಯ ಸಂಗಣ್ಣ ಎಮ್ಮೆ ಸಾಕಿದವನು, ಬಾಯಿ ಬಿಗಿಹಿಡಿಯುವವನಲ್ಲ.

“ಆಚಾರ್ಯರ, ನೀವು ಗುರುನ್ನ ಹುಡುಕ್ಲಿಕತ್ತೀರೋ, ಅಡಗಿಯವನ್ನೋ?”

“ಆಹಾರ ಶುದ್ಧ ಇಲ್ಲಂದ್ರ ಮನಸ್ಸು ಹ್ಯಾಂಗ ಶುದ್ಧ ಆಗ್ತದ, ಸಂಗಣ್ಣ?”

“ಹಂಗಂದ್ರ ನಮ್ಮ ಭಾಮಾ ವೈನಿಯವ್ರ ಕಡಿಂದಾನೇ ದೀಕ್ಷಾ ತಗೋರಿ. ಊರೂರು ತಿರಗೋದು ತಪ್ತದ.”

ಎರಡು ಸಾವಿರದ ಮೂರರಲ್ಲಿ ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯ ಒಂದು ಕಲ್ಲಿನ ಕಟ್ಟಡದಲ್ಲಿ ಹತ್ತು ದಿನದ ಮೌನ ಶಿಬಿರ ನಡೆಯಿತು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ, ನೀರು ಬಾವಿಯದು. ಭಾವನಿಗೆ ಒಪ್ಪಿಗೆಯಾಯಿತು. ಒಂದೇ ತೊಡಕು: ನಡುವೆ ಏಕಾದಶಿ ಬರುತ್ತಿತ್ತು. ಉಪವಾಸಕ್ಕೆ ಯಾರ ಹಂಗೂ ಬೇಡ. ಮರುದಿನ ದ್ವಾದಶಿಯ ಬೆಳಿಗ್ಗೆ ಹೊತ್ತು ಮೀರುವ ಮೊದಲು ಉಪವಾಸ ಮುರಿಯುವ ಪಾರಣೆಯ ಊಟ ಆಗಬೇಕು, ಅದು ಮಡಿಯಲ್ಲಿ ಮಾಡಿದ ಅಡಿಗೆಯೇ ಆಗಬೇಕು. ಆದ್ದರಿಂದ ಅಕ್ಕನ ಹೆಸರನ್ನೂ ಬರೆಸಿದರು.

“ಅಲ್ಲಿ ಮೌನ ಅಲ್ಲೇನ್ರಿ?” ಎಂದಳು ಅಕ್ಕ.

“ಅಡಗಿ ಮಾಡ್ಲಿಕ್ಕೆ ಮಾತ್ಯಾಕ ಬೇಕು?”

ಬಿಟ್ಟುಬರಲು ಹೋದವನು ನಾನು. ಅಕ್ಕ ಪಾರಣೆಗೆಂದು ಅಗಸೆ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬಾಗಿಲಲ್ಲಿದ್ದ ಹೆಣ್ಣುಮಗಳು ಅದನ್ನು ಇಸಿದುಕೊಂಡು ಹೇಳಿದಳು: “ಇಲ್ಲಿ ನೀವು ಏನೂ ಮಾಡೂದಿಲ್ರಿ ಅಕ್ಕಾ. ಬರೇ ಕುಂದ್ರೂದು. ಯಾರು ಕರದ್ರೂ ಓ ಅನ್ನೂದಿಲ್ಲ.” ಅಕ್ಕ ಅವಳ ಮುಖವನ್ನೇ ನೋಡುತ್ತ ನಿಂತಳು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಗೋಡೆ. ಆ ರಾತ್ರಿ ಅವಳು ಏಳು ವರ್ಷಗಳಲ್ಲಿ ಮೊದಲ ಸಲ ಬೆಳಗಿನ ಗಂಟೆಯವರೆಗೆ ನಿದ್ದೆ ಮಾಡಿದಳಂತೆ.

ಮೂರನೆಯ ದಿನ ಏಕಾದಶಿ. ನಾಲ್ಕನೆಯ ಬೆಳಿಗ್ಗೆ ಭಾವ ಮೌನ ಬಿಟ್ಟು, ಗೋಡೆ ಬಳಸಿ, ಹೆಂಗಸರ ಕೋಣೆಯ ಕಿಟಕಿಗೆ ಬಂದರು.

“ಭಾಮಾ, ಹೊತ್ತು ಮೀರ್ಲಿಕತ್ತದ. ಏಳು.”

ಅಕ್ಕ ಕಣ್ಣು ಮುಚ್ಚಿ ಕುಳಿತಿದ್ದಳು. ಮತ್ತೆ ಕರೆದರು. ಅವಳು ಅಲುಗಲಿಲ್ಲ. ಶಿಬಿರದವರು ಬಂದು ಭಾವನನ್ನು ವಿನಯದಿಂದ ಕೈಹಿಡಿದು ಕರೆದೊಯ್ದರು. ಅವರು ಗಂಟು ಕಟ್ಟಿ ಸಿಕ್ಕ ಟೆಂಪೋ ಹತ್ತಿ ಚಿತ್ತಾಪುರಕ್ಕೆ, ಅಲ್ಲಿಂದ ಸೇಡಂಗೆ ಬಂದು, ಹೊತ್ತು ಮೀರಿದ ಮೇಲೆ ಒಣ ಅವಲಕ್ಕಿ ಮುಕ್ಕಿದರು. ಅಗಸೆ ಪಲ್ಯವನ್ನು ಆ ದಿನ ಶಿಬಿರದವರೆಲ್ಲ ಉಂಡರು.

ಹತ್ತು ದಿನ ಮುಗಿದ ಮೇಲೆ ಅಕ್ಕನನ್ನು ನಾನೇ ಕರೆತಂದೆ. ಭಾವ ಪಡಸಾಲೆಯಲ್ಲಿ ತೀರ್ಪು ಸಿದ್ಧ ಮಾಡಿಕೊಂಡು ಕುಳಿತಿದ್ದರು.

“ಆ ಪದ್ಧತಿ ನಮಗ ಒಗ್ಗಂಗಿಲ್ಲ.”

“ನಿಮಗ ಒಗ್ಗಲಿಲ್ರಿ,” ಎಂದಳು ಅಕ್ಕ. “ನನಗ ಭಾಳ ಛಲೋ ಒಗ್ಗ್ಯದ.”

ಆ ಸಂಜೆ ಅವಳು ತನ್ನ ಹಾಸಿಗೆಯನ್ನು ಅತ್ತೆಯ ಖಾಲಿ ಕೋಣೆಯಲ್ಲಿ ಹಾಸಿಕೊಂಡಳು. ನಾನು ಪಡಸಾಲೆಯಲ್ಲೇ ಮಲಗಿದ್ದೆ. ಬೆಳಿಗ್ಗೆ ಭಾವ ಕಾಫಿಗೆ ಕೂಡುತ್ತ ಕೇಳಿದರು:

“ರಾತ್ರಿ ಕರದೆ. ಕೇಳಿಸ್ಲಿಲ್ಲೇನು?”

“ಕೇಳಿಸ್ತು,” ಎಂದು ಅಕ್ಕ ಲೋಟ ಮುಂದಿಟ್ಟಳು.

ಭಾವ ಈಗಲೂ ತಮಗೆ ತಕ್ಕ ಪದ್ಧತಿ ಹುಡುಕುತ್ತಿದ್ದಾರೆ. ಈಚೆಗೆ ಮುಧೋಳದ ಒಬ್ಬ ಸ್ವಾಮಿಗಳ ನೀರು ಮನಸ್ಸಿಗೆ ಬರಲಿಲ್ಲ. ಅಕ್ಕನ ಮುಂಗೈಯ ಸುಟ್ಟ ಕಲೆ ಹಾಗೇ ಉಳಿದಿದೆ. ಕಣ್ಣ ಕೆಳಗಿನ ಕಪ್ಪು ಶಿಬಿರವಾದ ವರ್ಷದ ದೀಪಾವಳಿಯ ಹೊತ್ತಿಗೇ ಹೋಗಿತ್ತು.