ಕರಾರಿನಲ್ಲಿಲ್ಲದ ತಿಂಗಳು

ನನ್ನ ಅಕ್ಷರ ಬಲು ದುಂಡಗೆ. ಹಲಸೂರು ಪೇಟೆಯಲ್ಲಿ ಯಾವ ಮನೆ ಪಾಲಾದರೂ ಕಾಗದ ಬರೆಯಲು ನನಗೇ ಕರೆ ಬರುತ್ತಿತ್ತು. ಆ ಜಂಬದಲ್ಲಿ ಒಮ್ಮೆ ಒಬ್ಬ ತಾಯಿಯನ್ನೂ ಪಾಲು ಮಾಡಿಕೊಟ್ಟಿದ್ದೇನೆ.

ಆಕೆ ಪುಟ್ಟಮ್ಮನವರು. ತಮ್ಮ ಹೆಸರಿನಲ್ಲಿದ್ದ ಹಲಸೂರಿನ ಮನೆಯನ್ನು ದೊಡ್ಡ ಮಗನಿಗೂ ಕೃಷ್ಣರಾಜಪುರದ ತೋಟವನ್ನು ಚಿಕ್ಕವನಿಗೂ ಬರೆದುಕೊಟ್ಟು, ತಮಗೆಂದು ಒಂದು ಟ್ರಂಕು ಇಟ್ಟುಕೊಂಡರು. ಅವರ ಪೋಷಣೆಗೆ ನಾನೇ ಷರತ್ತು ಬರೆದೆ: ಚೈತ್ರ ದೊಡ್ಡವನದು, ವೈಶಾಖ ಚಿಕ್ಕವನದು, ಜ್ಯೇಷ್ಠ ದೊಡ್ಡವನದು, ಹೀಗೆ ಹನ್ನೆರಡು ತಿಂಗಳನ್ನೂ ಹೆಸರಿಸಿ. ವಕೀಲರೊಬ್ಬರು ತಲೆದೂಗಿದರು. ನಾನು ಧರ್ಮಶಾಸ್ತ್ರವನ್ನೇ ತಿದ್ದಿದವನಂತೆ ಬೀಗಿದೆ.

ಸೂರ್ಯ ಚಂದ್ರರ ನಡಿಗೆ ಒಂದಕ್ಕೊಂದು ಹೊಂದದ್ದರಿಂದ ಹಿರಿಯರು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳ ತೇಪೆ ಹಾಕಿದ್ದಾರೆ. ಅದೇ ಅಧಿಕಮಾಸ. ಆಕಾಶದವರು ಹೊಂದಿಕೊಂಡರು, ಈ ಅಣ್ಣತಮ್ಮಂದಿರು ಹೊಂದಿಕೊಳ್ಳಲಿಲ್ಲ. ಯುದ್ಧದ ಕಾಲದಲ್ಲಿ ಒಂದು ವರ್ಷ ಅಧಿಕ ಜ್ಯೇಷ್ಠ ಬಂತು. ವೈಶಾಖ ಮುಗಿದ ಮರುದಿನವೇ ಚಿಕ್ಕವನು ತಾಯಿಯನ್ನು ಜಟಕಾದಲ್ಲಿ ಕೂರಿಸಿಕೊಂಡು ಅಣ್ಣನ ಬಾಗಿಲಿಗೆ ಬಂದ. ಅಣ್ಣ ಪಂಚಾಂಗ ಹಿಡಿದು ನಿಂತಿದ್ದ.

"ನಂದು ನಿಜ ಜ್ಯೇಷ್ಠ ಕಣೋ. ಈ ಅಧಿಕ ಅನ್ನೋದು ಕಾಗದದಲ್ಲಿ ಎಲ್ಲೈತೆ, ತೋರ್ಸು!"

"ನನ್ ವೈಶಾಖ ನಿನ್ನೆಗೇ ಮುಗೀತು. ನಂಗೆ ಫ್ಯಾಕ್ಟರಿಗೆ ಹೊತ್ತಾಯ್ತು."

ಅಣ್ಣನಿಗೂ ಅವಸರವಿತ್ತು. ಅಧಿಕಮಾಸದಲ್ಲಿ ಅಳಿಯನಿಗೆ ಮೂವತ್ತಮೂರು ಕಜ್ಜಾಯ ಕೊಡುವುದು ಪದ್ಧತಿಯಲ್ಲವೇ, ಮಾವನ ಮನೆಯಿಂದ ಕರೆ ಬಂದಿತ್ತು. ತಾನು ಕಜ್ಜಾಯ ತಿನ್ನಲು ಒಪ್ಪುವ ತಿಂಗಳು, ಹೆತ್ತವಳಿಗೆ ಒಂದು ತುತ್ತು ಹಾಕಲು ಮಾತ್ರ ತಿಂಗಳೇ ಅಲ್ಲವಂತೆ! ಥೂ, ಇಂಥ ಬುದ್ಧಿಗೆ ಯಾವ ಕೋರ್ಟೂ ಮದ್ದು ಅರೆಯಲಾರದು.

ತೀರ್ಮಾನಕ್ಕೆಂದು ಜಟಕಾ ನಮ್ಮ ಮನೆಗೆ ಬಂತು. ನಾನು ಕಾಗದವನ್ನು ತಿರುವಿ ತಿರುವಿ ನೋಡಿದೆ. ಬೆಲ್ಲ ಮೆದ್ದಂಥ ಪೀಠಿಕೆಯಿತ್ತು, ಸಾಕ್ಷಿಗಳಿದ್ದರು, ಅಧಿಕಮಾಸವಿರಲಿಲ್ಲ. ನಾನಿನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಓದುಬರಹ ಬಾರದ ನನ್ನ ಹೆಂಡತಿ ಹೊರಗೆ ಬಂದು ಟ್ರಂಕು ಇಳಿಸಿಕೊಂಡಳು. "ಬನ್ನಿ ಅಮ್ಮ, ಎಲೆ ಹಾಕಿದೀನಿ," ಎಂದಳು. ಮಕ್ಕಳಿಬ್ಬರೂ ಹಗುರಾಗಿ ಹೊರಟುಹೋದರು.

ಮೊದಮೊದಲು ಪುಟ್ಟಮ್ಮನವರು ನೀರು ಕುಡಿಯುವುದಕ್ಕೂ ಅಪ್ಪಣೆ ಕೇಳುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಹುಳಿಗೆ ಉಪ್ಪು ಸಾಲದೆಂದು ಜಗಳವಾಡಿದರು, ಮಧ್ಯಾಹ್ನ ಗೊರಕೆ ಹೊಡೆದರು, ನನ್ನ ದುಂಡಕ್ಷರವನ್ನು ಆಡಿಕೊಂಡು ನಕ್ಕರು.

ನಿಜ ಜ್ಯೇಷ್ಠದ ಮೊದಲ ದಿನ ಬೆಳಿಗ್ಗೆಯೇ ದೊಡ್ಡವನು ಬಂದ. ಕರಾರಿಗೆ ತಪ್ಪದ ಮಹಾನುಭಾವ!

"ನಡೀಯಮ್ಮ, ಇವತ್ತಿಂದ ನಂದು."

ಪುಟ್ಟಮ್ಮನವರು ಜಟಕಾ ಹತ್ತಿದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ಮುಂದಿನ ಅಧಿಕಮಾಸ ಯಾವಾಗಪ್ಪ ಬರೋದು?"