ಆರು ಗಂಟೆ ಮೂರು ನಿಮಿಷದ ಬಾಗಿಲು

ಫೆಬ್ರವರಿ ತಿಂಗಳ ಮೊದಲನೇ ಶನಿವಾರ, ಬೆಳಿಗ್ಗೆ ಐದು ಮುಕ್ಕಾಲು. ಸ್ಥಳ, ಮಧುಗಿರಿಯಲ್ಲಿರುವ ನನ್ನ ಮನೆಯ ಹಜಾರ. ಹಾಜರಿದ್ದವರು ನಾನೊಬ್ಬಳೇ. ಸ್ಟೂಲಿನ ಮೇಲೆ ಡ್ರೆಸ್ಸಿಂಗ್ ಟ್ರೇ ಸಿದ್ಧವಾಗಿತ್ತು. ಹಾಜರಿರಬೇಕಾಗಿದ್ದವಳು ಎದುರು ಮನೆಯಾಕೆ. ಆಕೆ ಸತತ ನಾಲ್ಕನೇ ದಿನ ಗೈರುಹಾಜರಾಗಿದ್ದಳು.

ವಾರ್ಡಿನ ವರದಿಯಂತೆ ಬರೆಯುತ್ತಿದ್ದೇನೆಂದು ಅನ್ನಿಸಿದರೆ ಅದು ಸರಿಯೇ. ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಮೂರು ವರ್ಷ ಗಂಟೆ ಹೊಡೆದಂತೆ ಎದ್ದು, ಉಂಡು, ಮಲಗಿ ಕಲಿತವಳು ನಾನು. ಆಮೇಲೆ ಕಳ್ಳಂಬೆಳ್ಳ, ತಾವರೆಕೆರೆ, ತೋವಿನಕೆರೆ ಎಂದು ಸರ್ಕಾರಿ ನರ್ಸಾಗಿ ಊರೂರು ಸುತ್ತಿದೆ. ನಿವೃತ್ತಿಯಾದ ಮೇಲೂ ಅಡುಗೆಮನೆಯ ಗೋಡೆಗೆ ನನ್ನ ವೇಳಾಪಟ್ಟಿ ಅಂಟಿಸಿದ್ದೇನೆ. ಐದು ಮುಕ್ಕಾಲಿಗೆ ಡ್ರೆಸ್ಸಿಂಗ್, ಆರಕ್ಕೆ ಬಾಗಿಲು ಹಾಕಿ ಪ್ರಾರ್ಥನೆ, ಆರು ಇಪ್ಪತ್ತಕ್ಕೆ ಕಾಫಿ. ಈ ವೇಳಾಪಟ್ಟಿಗೆ ಹೊಂದುವ ಗಂಡು ಶಿರಾ ಸೀಮೆಯಲ್ಲೇ ಸಿಗಲಿಲ್ಲ, ಅದಕ್ಕೇ ಸಿಸ್ಟರಮ್ಮ ಮದುವೆಯಾಗಲಿಲ್ಲ ಎಂದು ಎದುರು ಮನೆಯಾಕೆ ಬೀದಿಗೆಲ್ಲ ಹೇಳಿದ್ದಾಳೆ.

ಆಕೆ ನನಗಿಂತ ಎಂಟು ವರ್ಷ ಚಿಕ್ಕವಳು. ತವರು ಪಾವಗಡದ ಕಡೆ, ಹಾಗಾಗಿ ಸಿಟ್ಟು ಬಂದಾಗ ತೆಲುಗು ಬರುತ್ತದೆ. ಬೆಳಗಾದರೆ ಹಣೆಗೆ ವಿಭೂತಿ, ಸೋಮವಾರ ಒಂದೊತ್ತು. ಮಗ, ಸೊಸೆಯ ಜೊತೆ ಇದ್ದಾಳೆ. ಮನೆಯ ಮುಂದೆ ಕೂತು ಹೂ ಕಟ್ಟಿ ಅಂಗಡಿಗಳಿಗೆ ಕೊಡುತ್ತಾಳೆ. ಸಕ್ಕರೆ ಕಾಯಿಲೆ ಇದೆ. ಎರಡು ತಿಂಗಳ ಹಿಂದೆ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಹುಣ್ಣಾಯಿತು. ಅಂದಿನಿಂದ ದಿನವೂ ಐದು ಮುಕ್ಕಾಲಿಗೆ ನನ್ನ ಸ್ಟೂಲಿನ ಮೇಲೆ ಆಕೆಯ ಕಾಲು. ಹುಣ್ಣು ಒಣಗುತ್ತ ಬಂದಿತ್ತು.

ನಮ್ಮಿಬ್ಬರ ನಡುವೆ ಕೆಟ್ಟದ್ದು ಮಂಗಳವಾರ. ಆ ವಾರ ಕೊರಟಗೆರೆಯಲ್ಲಿ ನಮ್ಮ ಚರ್ಚಿನ ಹೆಂಗಸರ ಕೂಟವಿತ್ತು. ಶನಿವಾರ ಹತ್ತೂವರೆಗೆ ನಾನು ಸಾಕ್ಷಿ ಹೇಳಬೇಕೆಂದು ಪಾಸ್ಟರಮ್ಮ ಹೇಳಿದ್ದರು. ಸಾಕ್ಷಿ ಎಂದರೆ ಕೋರ್ಟಿನದಲ್ಲ. ದೇವರು ನಮ್ಮ ಬದುಕಿನಲ್ಲಿ ಏನು ಮಾಡಿದ ಎಂಬುದನ್ನು ನಾಲ್ಕು ಜನರ ಮುಂದೆ ನಮ್ಮದೇ ಮಾತಿನಲ್ಲಿ ಹೇಳುವುದು. ನಾನು ನನ್ನ ಮಾತನ್ನೂ ಬರೆದುಕೊಂಡೇ ಹೇಳುವವಳು. ನಾಲ್ಕು ಭಾಗ, ಹತ್ತು ನಿಮಿಷ, ಒಂದು ಹಾಳೆ. ವಿಷಯ, ದಿನನಿತ್ಯದ ನಡತೆಯಿಂದ ಯೇಸುವನ್ನು ತೋರಿಸುವುದು. ಹಿಂದಿನ ಸಾಲಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿ ಎಂದು ಪಾಸ್ಟರಮ್ಮ ಎಚ್ಚರಿಸಿದ್ದರಿಂದ ಪ್ರಾರ್ಥನೆಯ ಹೊತ್ತಿನಲ್ಲೇ ಅಭ್ಯಾಸ ಶುರುಮಾಡಿದ್ದೆ.

ಮಂಗಳವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ನಮ್ಮ ಬೀದಿಗೆ ನೀರು ದಿನವೂ ಬರುವುದಿಲ್ಲ, ಬಂದಾಗ ಹಿಡಿದುಕೊಳ್ಳದಿದ್ದರೆ ಇಲ್ಲ. ಎದುರು ಮನೆಯಾಕೆ ಡ್ರಮ್ಮು ತುಂಬಿಸಿ, ಕುಂಟುತ್ತ ಬಂದು ಬಾಗಿಲು ತಟ್ಟಿದಾಗ ಗಡಿಯಾರದಲ್ಲಿ ಆರು ಗಂಟೆ ಮೂರು ನಿಮಿಷ. ನಾನು ಹಾಳೆ ಹಿಡಿದು ಎರಡನೇ ಭಾಗದಲ್ಲಿದ್ದೆ. ಎದ್ದು ಬಾಗಿಲು ತೆಗೆಯಲಿಲ್ಲ. "ಆರು ದಾಟಿತು. ನಾಳೆ ಹೊತ್ತಿಗೆ ಸರಿಯಾಗಿ ಬಾ," ಎಂದು ಒಳಗಿನಿಂದಲೇ ಹೇಳಿ, ಮತ್ತೆ ಗಟ್ಟಿಯಾಗಿ ಓದತೊಡಗಿದೆ.

ಬುಧವಾರ ಬರಲಿಲ್ಲ. ಗುರುವಾರ, ಶುಕ್ರವಾರವೂ ಇಲ್ಲ. ಮೂರು ದಿನವೂ ಟ್ರೇ ಸಿದ್ಧಮಾಡಿ, ಆರಕ್ಕೆ ಎತ್ತಿಟ್ಟೆ. ತಪ್ಪು ಆಕೆಯದೆಂದೇ ನನ್ನ ಲೆಕ್ಕ. ಪ್ರಾರ್ಥನೆಯಲ್ಲಿ ಮಾತ್ರ ಆಕೆಯ ಕಾಲನ್ನು ಬಿಡಲಿಲ್ಲ. ನಮ್ಮಿಬ್ಬರ ಬಾಗಿಲುಗಳ ನಡುವೆ ಇರುವುದು ಇಪ್ಪತ್ತು ಹೆಜ್ಜೆ. ಆ ಕಾಲಿಗಾಗಿ ಮೂರು ದಿನ ಪ್ರಾರ್ಥಿಸಿದೆ, ಇಪ್ಪತ್ತು ಹೆಜ್ಜೆ ನಡೆಯಲಿಲ್ಲ.

ಶನಿವಾರ ಆರು ಗಂಟೆಗೆ ಬಾಗಿಲ ಅಗುಳಿಗೆ ಕೈ ಹಾಕಿದವಳು ಹಾಕಲಾಗದೆ ನಿಂತೆ. ಸಕ್ಕರೆ ಕಾಯಿಲೆಯವರ ಹುಣ್ಣು ನಾಲ್ಕು ದಿನದಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ಬೆರಳು ಹೋದವರನ್ನು ನೋಡಿದ್ದೇನೆ. ಟ್ರೇ ಎತ್ತಿಕೊಂಡು ಬೀದಿ ದಾಟಿದೆ. ನಿವೃತ್ತಿಯಾದ ಮೇಲೆ ಆ ಹೊತ್ತಿನಲ್ಲಿ ನಾನು ಬೀದಿಯಲ್ಲಿದ್ದದ್ದು ಅದೇ ಮೊದಲು.

ಆಕೆ ಜಗುಲಿಯಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ಕಾಲನ್ನು ಸೀರೆಯ ನೆರಿಗೆಯೊಳಗೆ ಸೇರಿಸಿಕೊಂಡಳು.

"ಯಾರು? ಟೈಮಾಗೋಯ್ತು," ಎಂದಳು ತಲೆ ಎತ್ತದೆ. "ನಾಳೆ ಬನ್ನಿ."

ಬರುವಾಗಲೇ ಮನಸ್ಸಿನಲ್ಲಿ ಕ್ಷಮೆಯ ಮಾತನ್ನು ಮೂರು ಅಂಶಗಳಾಗಿ ಜೋಡಿಸಿಕೊಂಡಿದ್ದೆ. "ನೋಡಮ್ಮ, ಮೊದಲನೆಯದಾಗಿ, ಮಂಗಳವಾರ ನಾನು ಬಾಗಿಲು ತೆಗೆಯದೆ ಇದ್ದದ್ದು ತಪ್ಪು. ಎರಡನೆಯದಾಗಿ..."

"ಬರಕೊಂಡ್ ಬಂದಿದೀರಾ?"

"ಇಲ್ಲ."

"ಮತ್ತೆ ಹೆಂಗೆ ನೆಪ್ಪೈತೆ? ಆವತ್ತು ನೀವು ಒಳಗೆ ಓದ್ತಿದ್ದುದು ನನಗೂ ನೆಪ್ಪೈತೆ ಬುಡಿ. ಹೊರಗೆ ನಿಂತ್ಕೊಂಡೇ ಕೇಳಿಸ್ಕೊಂಡೆ." ಆಕೆ ಹೂವಿನ ದಾರವನ್ನು ಹಲ್ಲಿನಿಂದ ಕತ್ತರಿಸಿ, ನನ್ನ ಧ್ವನಿಯಲ್ಲೇ ಹೇಳಿದಳು: "ಕಷ್ಟದಲ್ಲಿರುವವರಿಗೆ ನನ್ನ ಮನೆಯ ಬಾಗಿಲು ಯಾವಾಗಲೂ ತೆರೆದಿರುತ್ತದೆ."

ಅದು ನನ್ನ ಹಾಳೆಯ ಎರಡನೇ ಭಾಗದ ಮೂರನೇ ಸಾಲು. ಒಂದು ಅಕ್ಷರವೂ ತಪ್ಪಿರಲಿಲ್ಲ.

ನಾನು ಜಗುಲಿಯ ಅಂಚಿನಲ್ಲಿ ಕೂತೆ. ಎರಡನೆಯದು, ಮೂರನೆಯದು ಯಾವುದೂ ನೆನಪಾಗಲಿಲ್ಲ. "ತಪ್ಪಾಯಿತು ಕಣಮ್ಮ. ಕಾಲು ತೋರಿಸು," ಎಂದೆ.

"ಸರ್ಲೇ ಪೋನಿ," ಎಂದಳು. ಹೋಗಲಿ ಎಂಬುದಕ್ಕೆ ಆಕೆಯ ತೆಲುಗು. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲವೆಂದು ಅದರಿಂದಲೇ ಗೊತ್ತಾಯಿತು. ಕಾಲು ಮಾತ್ರ ಹೊರಗೆ ಬಂತು.

ಹಳೇ ಸೀರೆಯ ತುಂಡು ಬಿಚ್ಚಿದರೆ ಹುಣ್ಣಿನ ತುಂಬ ಕಾಫಿಪುಡಿ. ಪಾದ ಕೆಂಪಾಗಿ ಊದಿತ್ತು. ಕೈಯಿಟ್ಟರೆ ಬಿಸಿ. ಇದು ನನ್ನ ಟ್ರೇಗೆ ಬಗ್ಗುವ ಹುಣ್ಣಾಗಿ ಉಳಿದಿರಲಿಲ್ಲ.

"ಆಸ್ಪತ್ರೆಗೆ ಹೋಗೋಣ. ಈಗಲೇ."

"ನಿಮಗೆ ಎಂಟೂ ಕಾಲಿಗೆ ಕೊರಟಗೆರೆ ಬಸ್ಸಲ್ವಾ? ಬೀದಿಗೆಲ್ಲ ಹೇಳಿದೀರ."

"ಬಸ್ಸು ಹೋಗಲಿ."

ಆಕೆ ಕಟ್ಟುತ್ತಿದ್ದ ಹೂವನ್ನು ಮೊರದಲ್ಲಿಟ್ಟು ನನ್ನ ಮುಖ ನೋಡಿದಳು. ಅಲ್ಲಿಯವರೆಗೆ ಕಾಲಿನ ಬಗ್ಗೆ ಇಲ್ಲದ ಹೆದರಿಕೆ ಆಗ ಆಕೆಯ ಕಣ್ಣಿನಲ್ಲಿ ಕಂಡಿತು. "ಬೆರಳು ಹೋಯ್ತದಾ ಸಿಸ್ಟರಮ್ಮ?"

"ಡಾಕ್ಟರು ನೋಡಿ ಹೇಳಲಿ."

"ನೀವೇ ಬಸ್ಸು ಬುಟ್ಬುಟ್ರಿ ಅಂದ್ರೆ ಏನೋ ಐತೆ," ಎಂದು ಎದ್ದಳು.

ಪಾಸ್ಟರಮ್ಮನಿಗೆ ಫೋನು ಮಾಡಿ, ಬರುವುದಿಲ್ಲ, ನನ್ನಿಂದ ಒಬ್ಬರ ಕಾಲು ಕೆಟ್ಟಿದೆ ಎಂದೆ. ಕೂಟದಲ್ಲಿ ಏನು ಹೇಳಲಿ ಎಂದು ಅವರು ಕೇಳಿದರು. ಇದ್ದದ್ದನ್ನೇ ಹೇಳಿ ಎಂದೆ.

ಎಂಟೂ ಕಾಲಿನ ಹೊತ್ತಿಗೆ ನಾವಿಬ್ಬರೂ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲಿದ್ದೆವು. ಒಂಬತ್ತಕ್ಕೆ ಚೀಟಿ ಕೊಟ್ಟರು. ನಮ್ಮ ಮುಂದೆ ಇಪ್ಪತ್ತಾರು ಜನ. ನಾನು ಸಾಲನ್ನು ಎಣಿಸುತ್ತಿದ್ದುದನ್ನು ಆಕೆ ನೋಡಿದಳು.

"ಎಣಿಸಿದ್ರೆ ಬೇಗ ಕರೀತಾರಾ? ಆ ಹಾಳೆ ತಂದಿದೀರಾ? ಓದಿ, ಹೊತ್ತು ಹೋಗ್ಲಿ."

ಹಾಳೆ ಬ್ಯಾಗಿನಲ್ಲೇ ಇತ್ತು. ಮೆಲ್ಲಗೆ ಓದಿದೆ. ಆಕೆ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, "ಇದ್ರಲ್ಲಿ ನೀವೆಲ್ಲಿದೀರ?" ಎಂದಳು. "ಸರ್ಕಾರದ ಸುತ್ತೋಲೆ ಇದ್ದಂಗೈತೆ. ನಿಮ್ಮ ದೇವ್ರು ನಿಮಗೆ ಯಾಕೆ ಇಷ್ಟ? ಅದೇ ಇಲ್ವಲ್ಲ."

ಎರಡು ತಿಂಗಳು ದಿನವೂ ಆಕೆಯ ಕಾಲು ಹಿಡಿದಿದ್ದೆ. ಇದನ್ನು ಆಕೆ ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ವಾರ್ಡಿನಲ್ಲಿ ಧರ್ಮದ ಮಾತು ಬೇಡ ಎಂಬುದು ನನ್ನ ನೌಕರಿಯ ನಿಯಮವಾಗಿತ್ತು. ಕಾಯಿಲೆಯವರು ನಮ್ಮ ಕೈಗೆ ಸಿಕ್ಕಿಬಿದ್ದಿರುತ್ತಾರೆ, ಅಂಥವರಿಗೆ ಬೋಧಿಸಬಾರದು. ಈಗಲೂ ಅದು ಸರಿಯೆಂದೇ ನನ್ನ ನಂಬಿಕೆ. ಆದರೆ ಕೇಳಿದವರಿಗೆ ಉತ್ತರ ಕೊಡಬೇಕಲ್ಲ.

ಹಾಳೆ ಮಡಿಸಿ ಹೇಳಿದೆ. ನಾನು ಹುಟ್ಟಿನಿಂದಲೇ ಕ್ರೈಸ್ತಳು. ಚಿಕ್ಕಂದಿನಲ್ಲಿ ಚರ್ಚಿಗೆ ಹೋಗುತ್ತಿದ್ದುದು ಶಾಲೆಗೆ ಹೋದ ಹಾಗೆ, ಹಾಜರಿಗಾಗಿ. ನರ್ಸಿಂಗ್ ಶಾಲೆಯಲ್ಲಿ ಒಬ್ಬರು ಮೇಟ್ರನ್ ಇದ್ದರು. ಅವರ ಬೂಟಿನ ಸದ್ದಿಗೆ ನಮ್ಮ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ಸಂಜೆ, ಮರುದಿನ ತಪಾಸಣೆ ಇದ್ದಾಗ, ಥರ್ಮಾಮೀಟರ್‌ಗಳಿದ್ದ ಗಾಜಿನ ಜಾರನ್ನು ನಾನು ಕೈಜಾರಿ ಬೀಳಿಸಿದೆ. ನೆಲದ ತುಂಬ ಗಾಜು, ಪಾದರಸದ ಗುಂಡುಗಳು. ಹೆದರಿ, ಕಾಲಿನಿಂದ ಅವನ್ನು ಮಂಚದ ಕೆಳಕ್ಕೆ ತಳ್ಳುತ್ತಿದ್ದೆ. ಬಾಗಿಲಲ್ಲಿ ಮೇಟ್ರನ್ ನಿಂತಿದ್ದರು. ಯಾರು ಒಡೆದದ್ದು ಎಂದು ಕೇಳಲಿಲ್ಲ. ಗಂಜಿ ಹಾಕಿದ ಬಿಳಿ ಉಡುಪಿನಲ್ಲೇ ಮಂಡಿಯೂರಿ, ಒಂದು ಕಾಗದ ನನ್ನ ಕೈಗೆ ಕೊಟ್ಟು, ಇನ್ನೊಂದರಿಂದ ತಾವೇ ಪಾದರಸ ಬಳಿಯತೊಡಗಿದರು. ಆ ಗುಂಡುಗಳು ಕೂಡುತ್ತಿದ್ದವು, ಒಡೆಯುತ್ತಿದ್ದವು, ಓಡುತ್ತಿದ್ದವು. ಕೊನೆಯ ಗುಂಡು ಸಿಗುವವರೆಗೂ ಅವರು ಏಳಲಿಲ್ಲ. ನನಗೆ ಒಂದು ಮಾತೂ ಬೋಧಿಸಲಿಲ್ಲ. ಯೇಸು ಎಂದರೆ ಹೀಗೆ ಇರುತ್ತಾನೆ ಎಂದು ಅಂದು ನನಗೆ ತಿಳಿಯಿತು. ಅದು ಇಂದಿನವರೆಗೂ ಬಿಟ್ಟುಹೋಗಿಲ್ಲ.

ಆಕೆ ನನ್ನ ಕಡೆ ತಿರುಗಿದಳು. "ಆವಾಗ ಎಷ್ಟ್ ಗಂಟೆ?"

"ಸಂಜೆ ಆರು. ಪ್ರಾರ್ಥನೆಯ ಗಂಟೆ ಹೊಡೆಯುತ್ತಿತ್ತು."

"ಅವ್ರು ಹೋಗ್ನಿಲ್ವಾ ಪ್ರಾರ್ಥನೆಗೆ?"

"ಇಲ್ಲ. ಒಂದು ದಿನವೂ ತಪ್ಪಿಸದವರು ಅಂದು ಮಾತ್ರ ಹೋಗಲಿಲ್ಲ."

ಬಾಯಿಂದ ಮಾತು ಹೊರಟ ಮೇಲೆ ನನಗೇ ಅದು ಕೇಳಿಸಿತು. ಐವತ್ತು ವರ್ಷ ಈ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅದರಲ್ಲಿ ಆ ಗಂಟೆಯ ಸದ್ದು ಇತ್ತೆಂಬುದನ್ನು ಒಮ್ಮೆಯೂ ಗಮನಿಸಿರಲಿಲ್ಲ.

"ಅಂಗಾದ್ರೆ ಸಿಸ್ಟರಮ್ಮ, ನೀವು ಅರ್ಧ ಪಾಠಕ್ಕೇ ಎದ್ದು ಬಂದ್ಬುಟ್ಟಿದೀರ," ಎಂದಳು.

ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸು ನಕ್ಕಳು. ನಾನೂ ನಕ್ಕೆ, ಆದರೆ ಕಣ್ಣೊರೆಸಿಕೊಳ್ಳಬೇಕಾಯಿತು. ಎದುರು ಮನೆಯಾಕೆ ಸೆರಗಿನ ತುದಿ ಚಾಚಿದಳು. ಅದಕ್ಕೆ ಕಾಫಿಪುಡಿ ಮೆತ್ತಿತ್ತು. ಬೇಡವೆಂದೆ.

ಹನ್ನೊಂದೂವರೆಗೆ ಡಾಕ್ಟರು ಕರೆದರು. ಹುಣ್ಣು ತೊಳೆದು, ಸತ್ತ ಚರ್ಮ ತೆಗೆದರು. ಸೋಂಕು ಮೂಳೆಗೆ ಇಳಿದಂತೆ ಕಾಣುವುದಿಲ್ಲ, ಇನ್ನೆರಡು ದಿನ ತಡವಾಗಿದ್ದರೆ ಬೆರಳಿನ ಮಾತು ಬೇರೆ ಇತ್ತು ಎಂದರು. ಇಂಜೆಕ್ಷನ್, ಮಾತ್ರೆ, ದಿನಕ್ಕೆರಡು ಡ್ರೆಸ್ಸಿಂಗ್ ಬರೆದುಕೊಟ್ಟರು. ಹದಿನೈದು ದಿನ ಕಾಲು ನೆಲಕ್ಕೆ ಊರುವಂತಿಲ್ಲ. "ಮನೇಲಿ ಡ್ರೆಸ್ಸಿಂಗ್ ಮಾಡೋರು ಇದ್ದಾರಾ?" ಎಂದು ಕೇಳಿದರು.

"ಅವ್ರೆ," ಎಂದಳು ಆಕೆ ನನ್ನ ಕಡೆ ಗಲ್ಲ ಚಾಚಿ. "ಬಾಗ್ಲು ತೆಗ್ಯೋದು ಒಂಚೂರು ತಡ."

ಆಟೋದಲ್ಲಿ ಮನೆಗೆ ಬಂದೆವು. ಸಂಜೆ ಟ್ರೇ ಹಿಡಿದು ಬೀದಿ ದಾಟಿದಾಗ ಆಕೆ ದಿಂಬಿನ ಮೇಲೆ ಕಾಲಿಟ್ಟು ಮಂಚದ ಮೇಲಿದ್ದಳು. ಊತ ಇನ್ನೂ ಇತ್ತು, ಬಿಸಿ ಕಡಿಮೆಯಾಗಿತ್ತು. ಡ್ರೆಸ್ಸಿಂಗ್ ಮುಗಿಯುವವರೆಗೆ ಆಕೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

"ಕಟ್ಟು ಕಟ್ಟುವಾಗ ದಿನಾ ಏನೋ ಮಣಮಣ ಅಂತೀರ. ಸುತ್ತು ಎಣಿಸ್ತೀರ ಅಂದ್ಕೊಂಡಿದ್ದೆ."

"ಪ್ರಾರ್ಥನೆ ಮಾಡುತ್ತೇನೆ. ನಿನ್ನ ಕಾಲಿಗೆ."

"ಯಾವಾಗಿಂದ?"

"ಮೊದಲ ದಿನದಿಂದ."

"ಒಂದ್ ಮಾತು ಹೇಳ್ಬಾರ್ದಾ? ನಾನೂ ನಮ್ಮ ಶಿವನಿಗೆ ಹೇಳ್ತಾ ಇದ್ದೆ. ಇಬ್ಬರಿಗೂ ಹೇಳಿದ ಮೇಲೂ ಕಾಫಿಪುಡಿ ಹಾಕ್ಕೊಂಡ್ನಲ್ಲ, ನನ್ ಬುದ್ಧಿ." ಆಮೇಲೆ ಮೆಲ್ಲಗೆ, "ನಾಳೆಯಿಂದ ಗಟ್ಟಿಯಾಗಿ ಮಾಡಿ. ನನಗೂ ಕೇಳ್ಲಿ," ಎಂದಳು.

ಅದನ್ನು ನಾನು ಗೆಲುವೆಂದು ಎಲ್ಲೂ ಬರೆದುಕೊಂಡಿಲ್ಲ. ಆಕೆಯ ಹಣೆಯಲ್ಲಿ ವಿಭೂತಿ ಎಂದಿನಂತೆ ಮೂರು ಗೆರೆ. ಆಕೆ ಕೇಳಿದಳು, ನಾನು ಒಪ್ಪಿದೆ, ಅಷ್ಟೇ. ಐದು ಮುಕ್ಕಾಲಿಗೆ ಬರುತ್ತೇನೆಂದು ಹೇಳಿ ಎದ್ದೆ.

"ಐದು ಮುಕ್ಕಾಲಿಗೆ ಆಗಲ್ಲ," ಎಂದಳು. "ನಮ್ಮನೇಲಿ ಬಾಗ್ಲು ತೆಗ್ಯೋದು ಆರಕ್ಕೆ. ಮುಂಚೆ ಬಂದ್ರೆ ಹೊರಗೆ ಕಾಯ್ಬೇಕಾಯ್ತದೆ."

ಆಕೆಯ ಮನೆಯ ಬಾಗಿಲು ಬೆಳಗಿನ ಜಾವ ನಾಲ್ಕಕ್ಕೇ ತೆರೆಯುತ್ತದೆ. ಬೀದಿಗೆಲ್ಲ ಗೊತ್ತು. ಆರಕ್ಕೇ ಬರುತ್ತೇನೆ ಎಂದೆ.

ಮನೆಗೆ ಬಂದು ಮೊದಲು ಹಾಳೆ ತೆಗೆದೆ. ಎರಡನೇ ಭಾಗದ ಮೂರನೇ ಸಾಲನ್ನು ಹೊಡೆದುಹಾಕಿ, ಅಲ್ಲಿ ಮಂಗಳವಾರ ನಡೆದದ್ದನ್ನು ಬರೆದೆ. ಹಿಂಬದಿಯಲ್ಲಿ ಪಾದರಸದ ಸಂಗತಿ, ಗಂಟೆಯ ಸದ್ದಿನ ಸಮೇತ. ಆಮೇಲೆ ಅಡುಗೆಮನೆಯ ವೇಳಾಪಟ್ಟಿಯಲ್ಲಿ ಆರು ಗಂಟೆಯ ಮುಂದಿದ್ದ 'ಬಾಗಿಲು ಹಾಕಿ ಪ್ರಾರ್ಥನೆ'ಯನ್ನು ಅಳಿಸಿ 'ಎದುರು ಮನೆ' ಎಂದು ಬರೆದೆ. ಅದರ ಕೆಳಗೆ 'ಪ್ರಾರ್ಥನೆ, ಅಲ್ಲೇ'. ಕಾಫಿಗೆ ಹೊತ್ತು ಹಾಕಲಿಲ್ಲ, ಅದನ್ನು ಆಕೆಯ ಸೊಸೆ ಕೊಟ್ಟಾಗ ಕುಡಿಯಬೇಕು.

ಏಳು ಗಂಟೆಗೆ ಚಿಮಟ, ಕತ್ತರಿ ಕುದಿಸಿ, ನೀರು ಬಸಿದು, ಬೆಳಗಿನ ಹತ್ತಿ ಮತ್ತು ಬಟ್ಟೆ ಜೋಡಿಸಿ, ಟ್ರೇ ಮುಚ್ಚಿ ಬಾಗಿಲ ಪಕ್ಕದಲ್ಲಿಟ್ಟೆ.